ತಿಂಗಳ ಮೊದಲ ಶನಿವಾರ

ಮೊದಲು ಪ್ಲಗ್ಗು ಕೀಳಬೇಕು.
ಆಮೇಲೆ ಪವರ್ ಗುಂಡಿಯನ್ನು ಹತ್ತು ಎಣಿಸುವ ತನಕ ಒತ್ತಿ ಹಿಡಿಯಬೇಕು,
ಒಳಗೆ ಉಳಿದ ಕರೆಂಟು ತೇಗಿ ಹೋಗಲಿ ಎಂದು.
ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ,
ಒಮ್ಮೆ ಹೊಡೆಸಿಕೊಂಡು ಕಲಿತೆ.

ಮುಯ್ನಾಕಿನಲ್ಲಿ ಗಾಳಿ ಎದ್ದರೆ
ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕುತ್ತೇವೆ.
ಆದರೂ ಬರುತ್ತದೆ. ಜರಡಿ ಹಿಡಿದ ಹಿಟ್ಟಿನಷ್ಟು ನಯ,
ನಾಲಿಗೆಗೆ ತಾಗಿದರೆ ಕಹಿ ಕಹಿ ಉಪ್ಪು.
ರೊಟ್ಟಿಯ ಮೇಲೆ, ಮಲಗಿದ ಮಗುವಿನ ರೆಪ್ಪೆಯ ಮೇಲೆ,
ಈ ಕಪ್ಪು ಡಬ್ಬಿಯೊಳಗಿನ ಫ್ಯಾನಿನ ಏಳು ರೆಕ್ಕೆಗಳ ಮೇಲೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇಲ್ಲಿ ನೀರು ಕುಡಿದದ್ದು ಹತ್ತಿಯ ಹೊಲ,
ಉಪ್ಪು ತಿನ್ನುತ್ತಿರುವುದು ನಾವು.

ಪಕ್ಕದ ಬಾಗಿಲು ಬಿಚ್ಚುತ್ತೇನೆ.
ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಮೂರು.
ಸೈಕಲ್ ಪಂಪು, ಮೊಮ್ಮಗನ ಬಣ್ಣದ ಕುಂಚ,
ರ‍್ಯಾಮಿನ ಹಳದಿ ಹಲ್ಲು ಉಜ್ಜಲು ಪೆನ್ಸಿಲ್ ರಬ್ಬರು.
ರೆಕ್ಕೆಯನ್ನು ಬೆರಳಲ್ಲಿ ಹಿಡಿದು ಊದಬೇಕು,
ಬಿಟ್ಟು ಊದಿದರೆ ಹುಚ್ಚೆದ್ದು ತಿರುಗಿ ಬೇರಿಂಗು ತಿಂದುಕೊಳ್ಳುತ್ತದೆ.
ಸಂದಿಯಿಂದ ಒಂದು ಬಿಳಿ ಮೋಡ ಎದ್ದು
ನೇರ ಹೋಗಿ ಒಗೆದ ಬಟ್ಟೆಗಳ ಮೇಲೆ ಕೂರುತ್ತದೆ.
ಸೊಸೆ ಸಾರ್ಬಿನಾಜ್ ಒಳಗಿಂದಲೇ ಕೂಗುತ್ತಾಳೆ:
ಅತ್ತೆ, ಅಂಗಳದ ಆ ಕಡೆ!

ಮೀನು ಡಬ್ಬಿ ಕಾರ್ಖಾನೆಯಲ್ಲಿ
ಮುಚ್ಚಳ ಒತ್ತುವ ಯಂತ್ರ ಕುವಾನಿಷನ ಪಾಲು,
ಲೆಕ್ಕದ ಪುಸ್ತಕ ನನ್ನ ಪಾಲು.
ಕೆಡುವ ಮೊದಲು ಬಿಚ್ಚುವವನು ಮೆಕ್ಯಾನಿಕ್,
ಕೆಟ್ಟ ಮೇಲೆ ಬಿಚ್ಚುವವನು ಹೆಣ ಕೊಯ್ಯುವವನು ಅನ್ನುತ್ತಿದ್ದ.
ಕೊನೆಕೊನೆಗೆ ಬಾಲ್ಟಿಕ್ ಕಡೆಯಿಂದ ರೈಲಿನಲ್ಲಿ ಬಂತು ಮೀನು,
ಕಲ್ಲಿನಂತೆ ಹೆಪ್ಪುಗಟ್ಟಿ.
ಆಗಲೂ ಶನಿವಾರ ಗ್ರೀಸು ಹಚ್ಚಿದ.
ಮೀನೇ ಬಾರದ ತಿಂಗಳೂ ಹಚ್ಚಿದ.
ಬೀಗ ಬಿದ್ದ ವಾರ ಹಿಂಬಾಗಿಲಿಂದ ಹೋಗಿ ಹಚ್ಚಿ ಬಂದ,
ಕೈ ತೊಳೆದು, ಚಹಾ ಕೇಳಿದ.

ಒಳಗಿನ ಕಸ ಬೇರೆ.
ಅದಕ್ಕೆ ಪ್ಲಗ್ಗು ಸಿಕ್ಕಿಸಿ, ಕನ್ನಡಕ ಹಾಕಿ, ಕೂರಬೇಕು.
ತಾತ್ಕಾಲಿಕ ಎಂದು ಹೆಸರಿಟ್ಟುಕೊಂಡ ಫೈಲುಗಳು ಎರಡು ಜಿಬಿ.
ಮದುವೆಗೆಂದು ಬಂದು ಉಳಿದೇ ಹೋದ ನೆಂಟರ ಹಾಗೆ. ಅಳಿಸು.
ಬೆಳಗ್ಗೆ ತಾವಾಗಿಯೇ ಏಳುವ ಪ್ರೋಗ್ರಾಮುಗಳು ಹನ್ನೊಂದು,
ನಾನು ಕರೆದದ್ದು ಮೂರನ್ನು. ಉಳಿದವು ಮಲಗಿರಲಿ.
ವೈರಸ್ ಹುಡುಕಾಟಕ್ಕೆ ಐವತ್ತು ನಿಮಿಷ,
ಅಷ್ಟರಲ್ಲಿ ಕ್ಯಾರೆಟ್ ಹೆಚ್ಚಿ ಮುಗಿಯುತ್ತದೆ.
ಸಾರ್ಬಿನಾಜಳ ಕಸೂತಿ ನಮೂನೆಗಳು, ಹುಡುಗನ ಶಾಲೆಯ ಬರಹ
ಎರಡು ಪೆನ್‌ಡ್ರೈವಿಗೆ ನಕಲು.
ಒಂದು ನನ್ನ ಪೆಟ್ಟಿಗೆಯಲ್ಲಿ, ಒಂದು ನೂಕುಸಿನ ತಂಗಿಯ ಮನೆಯಲ್ಲಿ.
ಒಂದೇ ಪ್ರತಿ ಇಟ್ಟುಕೊಂಡವರ ಪಾಡು ನಮಗೆ ಗೊತ್ತು.
ನಮಗಿದ್ದದ್ದು ಒಂದೇ ಸಮುದ್ರ.

ಲೆಕ್ಕದವಳಲ್ಲವೇ, ಬರೆದಿಡುತ್ತೇನೆ,
ಕಾರ್ಖಾನೆಯಿಂದ ತಂದ ಅದೇ ದಪ್ಪ ಪುಸ್ತಕದಲ್ಲಿ.
ಮುಂದಿನ ಹಾಳೆಗಳಲ್ಲಿ ಕಾರ್ಪ್ ಮೀನು, ಟನ್ನುಗಳಲ್ಲಿ.
ಖಾಲಿ ಉಳಿದ ಹಾಳೆಗಳಲ್ಲಿ
ಏಪ್ರಿಲ್, ಧೂಳು ಒಂದೂವರೆ ಚಮಚ.
ಮೇ, ಮೂರು ಚಮಚ, ಬಿರುಗಾಳಿ ಎರಡು.
ಜಮಾ ಕಡೆ ಬರೆಯಬೇಕೋ ಖರ್ಚಿನ ಕಡೆಯೋ
ಹನ್ನೆರಡು ವರ್ಷವಾಯಿತು, ತೀರ್ಮಾನವಾಗಿಲ್ಲ.

ಮುಚ್ಚಿ, ಹಚ್ಚಿ, ಕಿವಿಯಿಟ್ಟು ಕೇಳುತ್ತೇನೆ.
ಗೊರಗೊರ ನಿಂತಿದೆ.
ಸದ್ದು ನಿಂತರೆ ಸರಿಹೋಯಿತೆಂದು ಅರ್ಥ,
ಯಂತ್ರದ ಮಟ್ಟಿಗೆ.

ಹೊಸದು ಕೊಂಡರೆ ಆಗದೇ ಅಜ್ಜಿ, ಎನ್ನುತ್ತಾನೆ ಹುಡುಗ.
ಮೊದಲು ಆ ನಾಲ್ಕನೇ ಸ್ಕ್ರೂ ಹುಡುಕು, ಎನ್ನುತ್ತೇನೆ.
ಚಮಚ ಹಿಡಿದು ಹೊಸ್ತಿಲಲ್ಲಿ ನಿಂತು
ಗಾಳಿ ಎತ್ತ ಎಂದು ನೋಡಿ
ಚೆಲ್ಲುತ್ತೇನೆ.